ಕಾಂಪೌಂಡಿನ ಹೊಂಗೆಮರಗಳು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನ ಸರದಿ ಸರಿಯಾಗಿ ಊಟದ ಹೊತ್ತಿಗೆ ಬಂದಿದೆ. ಆ ಕಡೆಯಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿದೆ. ಹಾಗಾಗಿ ದೊಡ್ಡ ಮಾತು ಆಡಲು ಹೋಗುವುದಿಲ್ಲ. 'ಜೈವಿಕ ಇಂಧನ, ಜೈವಿಕ ಆರ್ಥಿಕತೆ ಅಂತ ಏನೇನೋ ಕೆಲಸ ಮಾಡಿದ್ದೀಯಲ್ಲ, ಅದರ ಬಗ್ಗೆ ನಾಲ್ಕು ಮಾತಾಡಪ್ಪ' ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಆ ನಾಲ್ಕು ಮಾತನ್ನು ಈ ಶಾಲೆಯ ಕಾಂಪೌಂಡಿನಿಂದಲೇ ಶುರುಮಾಡುತ್ತೇನೆ.

ಪೆಂಡಾಲಿನ ಆಚೆ ನೋಡಿ. ಉತ್ತರದ ಗೋಡೆಗುಂಟ ಸಾಲಾಗಿ ನಿಂತಿವೆಯಲ್ಲ, ಆ ಹೊಂಗೆಮರಗಳು. ತುಂಗಭದ್ರೆ ದಾಟಿ ಧಾರವಾಡದ ಕಡೆ ಹೋದರೆ ಇದನ್ನೇ ಹುಲಗಲ ಅನ್ನುತ್ತಾರೆ. ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ವನಮಹೋತ್ಸವಕ್ಕೆ ಅಂತ ತರಿಸಿದ ಸಸಿಗಳು ಅವು. ಆಗ ಇಲ್ಲಿ ಕಾಂಪೌಂಡೇ ಇರಲಿಲ್ಲ, ಜಾಲಿಮುಳ್ಳಿನ ಬೇಲಿ ಇತ್ತು. ಒಬ್ಬೊಬ್ಬನಿಗೂ ಒಂದೊಂದು ಸಸಿ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಕೈಪಂಪಿನಿಂದ ಒಂದು ತಂಬಿಗೆ ನೀರು. ಸಸಿ ಒಣಗಿದರೆ ವಿಜ್ಞಾನದಲ್ಲಿ ಐದು ಅಂಕ ಕಟ್ ಎಂದು ಹೆದರಿಸಿದ್ದರು. ನನ್ನ ಸಸಿಯನ್ನು ಎರಡು ಸಲ ಆಡು ತಿಂದಿತು. ಅದು ಮತ್ತೆ ಚಿಗುರಿತು. ಐದು ಅಂಕ ಉಳಿದವು. ಗೇಟಿನಿಂದ ಮೂರನೆಯದು ನನ್ನದು. ನನ್ನದು ಅನ್ನಲು ಈಗ ಹಕ್ಕೇನೂ ಇಲ್ಲ, ಆದರೂ ಊರಿಗೆ ಬಂದಾಗಲೆಲ್ಲ ಒಮ್ಮೆ ಮುಟ್ಟಿ ಹೋಗುತ್ತೇನೆ.

ಬೇಸಿಗೆಯಲ್ಲಿ ಆ ಮರಗಳ ಕೆಳಗೆ ಕಾಯಿ ಹಾಸಿ ಬಿದ್ದಿರುತ್ತವೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಮಕ್ಕಳು ಗುಡಿಸಿ ಒಂದು ಮೂಲೆಗೆ ಹಾಕುತ್ತಾರೆ, ಆಮೇಲೆ ಬೆಂಕಿ. ನಮ್ಮ ಕಾಲದಲ್ಲೂ ಹಾಗೇ ಮಾಡಿದೆವು. ಆ ಗುಡಿಸಿ ಸುಡುವ ಕಾಯಿಯ ಬಗ್ಗೆಯೇ ನನ್ನ ಮಾತು.

ಜೈವಿಕ ಆರ್ಥಿಕತೆ ಅನ್ನುವುದು ಹೊಸ ಹೆಸರು. ನೆಲದಲ್ಲಿ, ನೀರಿನಲ್ಲಿ ಬೆಳೆದು ಬಂದದ್ದನ್ನೇ ಆಹಾರಕ್ಕೂ ಗೊಬ್ಬರಕ್ಕೂ ಉರುವಲಿಗೂ ಕಚ್ಚಾವಸ್ತುವಿಗೂ ಬಳಸಿ ಬದುಕು ನಡೆಸುವುದು, ಒಂದರ ಕಸವನ್ನು ಇನ್ನೊಂದಕ್ಕೆ ಮೇವಾಗಿಸುವುದು. ನಮ್ಮ ಅಜ್ಜಿಯರಿಗೆ ಇದನ್ನು ಹೇಳಿದರೆ 'ಮತ್ತಿನ್ನೆಂಗೆ ಬಾಳ್ವೆ ಮಾಡ್ತಾರೋ?' ಎಂದು ಕೇಳುತ್ತಿದ್ದರು. ಸೀಮೆಎಣ್ಣೆ ಬರುವ ಮುಂಚೆ ಹೊಂಗೆ ಎಣ್ಣೆಯೇ ಬಡವರ ಮನೆಯ ದೀಪ. ಹಿಂಡಿ ಗದ್ದೆಗೆ. ಹಸಿ ಸೊಪ್ಪೂ ಗದ್ದೆಗೇ. ಎತ್ತಿನ ಮೈಗೆ ಹುಣ್ಣಾದರೆ ಅದೇ ಎಣ್ಣೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಂಡು ಕುರುಬರಿಗೆ ಕಾಳು ಅಳೆದುಕೊಡುವುದನ್ನು ಕೂಡ್ಲಿಗಿ, ಕೊಟ್ಟೂರಿನ ಕಡೆ ಈಗಲೂ ನೋಡಬಹುದು. ಅದು ಗೊಬ್ಬರದ ವ್ಯಾಪಾರವೇ ತಾನೆ? ರಸೀದಿ ಇಲ್ಲ, ಅಷ್ಟೇ.

ಮಕ್ಕಳಿಗೆ ಒಂದು ಸಂಗತಿ ಹೇಳುತ್ತೇನೆ. 1900ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಒಂದು ಡೀಸೆಲ್ ಎಂಜಿನ್ ಇಟ್ಟಿದ್ದರು. ಅದು ಓಡಿದ್ದು ಶೇಂಗಾ ಎಣ್ಣೆಯಿಂದ. ಎಷ್ಟು ಸಲೀಸಾಗಿ ಓಡಿತೆಂದರೆ ಅಲ್ಲಿದ್ದ ಬಹಳ ಜನಕ್ಕೆ ಅದು ಗೊತ್ತೇ ಆಗಲಿಲ್ಲ. ಇದನ್ನು ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಅವರೇ ಮುಂದೆ 1912ರಲ್ಲಿ ಹೇಳಿಕೊಂಡಿದ್ದಾರೆ. ನಮ್ಮ ಮಸಾರಿ ಹೊಲದ ಶೇಂಗಾದಂಥ ಶೇಂಗಾ ಎಣ್ಣೆ! ಆಮೇಲೆ ನೆಲದೊಳಗಿನ ಎಣ್ಣೆ ಅಗ್ಗವಾಗಿ ಸಿಕ್ಕಿತು, ಶೇಂಗಾ ಎಣ್ಣೆ ಮಿರ್ಚಿ ಕರಿಯಲು ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು ಬಿಡಿ.

ಹಳ್ಳಿಯಲ್ಲಿ ಸಿಗುವ ವಸ್ತುವಿನಿಂದ ಹಳ್ಳಿಗೇ ಶಕ್ತಿ ಉತ್ಪಾದಿಸುವ ಸಂಶೋಧನೆಯಲ್ಲಿ ನಮ್ಮ ರಾಜ್ಯ ಯಾರಿಗೂ ಹಿಂದಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಅಂತ ಹಿರಿಯರು ಕೇಳಿರಬಹುದು, ಅದು ಇವರದೇ. ಪ್ರಯೋಗಾಲಯದಲ್ಲಿ ಕೂತು ಹಳ್ಳಿಯ ಬಗ್ಗೆ ಯೋಚಿಸಿದರೆ ಆಗದು ಎಂದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ವಿಸ್ತರಣಾ ಕೇಂದ್ರವನ್ನೂ ಮಾಡಿಕೊಂಡರು.

ಅದೇ ತಾಲ್ಲೂಕಿನಲ್ಲಿ ಪುರ ಎಂಬ ಊರಿದೆ. ನೂರು ಮನೆಯೂ ಇಲ್ಲದ ಊರು. ಅಲ್ಲಿ ಏನಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಾನು ಎಡವಿದ ಜಾಗದಲ್ಲಿ ಅವರು ಮೊದಲೇ ಎಡವಿ, ಎದ್ದು ನಡೆದಿದ್ದರು. ನನಗೆ ಆಗ ಅದು ಗೊತ್ತಿರಲಿಲ್ಲ.

ಊರಿನ ಎಲ್ಲ ದನಗಳ ಸಗಣಿ ಸೇರಿಸಿ ಒಂದೇ ದೊಡ್ಡ ಗೋಬರ್ ಗ್ಯಾಸ್ ಸ್ಥಾವರ ಮಾಡಿ, ಮನೆಮನೆಗೂ ಅಡುಗೆ ಅನಿಲ ಕೊಡೋಣ ಎಂದು ವಿಜ್ಞಾನಿಗಳು ಮೊದಲು ಯೋಚಿಸಿದರು. ಯಾರು ಕೇಳಿದರೂ ಒಳ್ಳೆಯದೇ ಅನ್ನುವ ಯೋಜನೆ. ಆದರೆ ಎಲ್ಲ ಮನೆಯ ಎರಡು ಹೊತ್ತಿನ ಅಡುಗೆಗೆ ಸಾಲುವಷ್ಟು ಸಗಣಿ ಆ ಊರಿನಲ್ಲಿ ಸಿಗಲಿಲ್ಲ. ಅರ್ಧ ಅನ್ನ ಗ್ಯಾಸಿನ ಮೇಲೆ, ಅರ್ಧ ಅನ್ನ ಸೌದೆಯ ಮೇಲೆ ಎಂದರೆ ಯಾವ ಹೆಂಗಸು ಒಪ್ಪುತ್ತಾಳೆ? ಯೋಜನೆ ನಿಂತಿತು. ಸಾಮಾನ್ಯವಾಗಿ ಇಲ್ಲಿಗೆ ಒಂದು ವರದಿ ಬರೆದು, 'ಜನರಲ್ಲಿ ಅರಿವಿನ ಕೊರತೆ' ಎಂದು ಸೇರಿಸಿ, ಜೀಪು ಹತ್ತಿ ಹೋಗುತ್ತಾರೆ. ಇವರು ಹೋಗಲಿಲ್ಲ. ನಿಮಗೆ ಮೊದಲು ಬೇಕಾದದ್ದು ಏನು ಎಂದು ಊರಿನವರನ್ನೇ ಕೂರಿಸಿಕೊಂಡು ಕೇಳಿದರು. ಕುಡಿಯುವ ನೀರು ಅಂದರು ಜನ. 1987ರಿಂದ ಅದೇ ಅನಿಲವನ್ನು ಸ್ವಲ್ಪ ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು, ವಿದ್ಯುತ್ ತೆಗೆದು, ಕೊಳವೆ ಬಾವಿಯ ನೀರು ಎತ್ತಿ ನಲ್ಲಿಗೆ ಬಿಟ್ಟರು. ಮನೆಗಳಿಗೆ ದೀಪವೂ ಬಂತು. ಅಡುಗೆಗೆ ಸಾಲದ ಸಗಣಿ ನೀರಿಗೂ ಬೆಳಕಿಗೂ ಸಾಕಾಯಿತು.

ನನಗೆ ಅದರಲ್ಲಿ ಬಹಳ ಹಿಡಿಸಿದ್ದು ತಕ್ಕಡಿ. ಸ್ಥಾವರದ ಬಾಗಿಲಲ್ಲಿ ತೂಕ. ಯಾರು ಎಷ್ಟು ಸಗಣಿ ತಂದರೋ ಅದರ ಲೆಕ್ಕಕ್ಕೆ ತಕ್ಕಂತೆ ಗ್ಯಾಸು ಬಿಟ್ಟು ಉಳಿದ ಬಗ್ಗಡವನ್ನು ಅವರ ತಿಪ್ಪೆಗೇ ವಾಪಸು. ಅದು ಬರೀ ಸಗಣಿಗಿಂತ ಒಳ್ಳೆಯ ಗೊಬ್ಬರ. ಅದರ ಮೇಲೆ ಹೊತ್ತು ತಂದ ಕೂಲಿ ಅಂತ ಕೆಜಿಗೆ 2 ಪೈಸೆ. ಎರಡು ಪೈಸೆ ಏನು ಮಹಾ ಎನ್ನಬೇಡಿ. ಹೊತ್ತು ತರುತ್ತಿದ್ದವರು ಹೆಂಗಸರು, ಮಕ್ಕಳು. ಆ ಕೆಲಸಕ್ಕೂ ಬೆಲೆ ಇದೆ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರಲ್ಲ, ಅದು ಮುಖ್ಯ. ನೀರಿನ, ದೀಪದ ಶುಲ್ಕ ವಸೂಲಿ ಮಾಡಿದ್ದೂ ಎಂಜಿನ್ ನಡೆಸಿದ್ದೂ ಊರಿನವರೇ.

ಹತ್ತಿರದ ಹೊಸಹಳ್ಳಿಯಲ್ಲಿ 1988ರಿಂದ ಇಂಥದೇ ಇನ್ನೊಂದು ಪ್ರಯತ್ನ ನಡೆಯಿತು. ಅಲ್ಲಿ ಸಗಣಿಯ ಬದಲು ಕಟ್ಟಿಗೆ. ಎರಡು ಹೆಕ್ಟೇರಿನಲ್ಲಿ ನೆಡುತೋಪು ಬೆಳೆಸಿ, ಆ ಕಟ್ಟಿಗೆಯ ಚೂರಿನಿಂದ ಅನಿಲ ತೆಗೆದು ಎಂಜಿನ್ ಓಡಿಸಿದರು. ಮೂವತ್ತೈದು ಮನೆಗೆ ದೀಪ, ನೀರು, ಹಿಟ್ಟಿನ ಗಿರಣಿ. ಅದೂ ಹತ್ತು ವರ್ಷ ಮೀರಿ ನಡೆಯಿತು. ಇವತ್ತು ಆ ಊರುಗಳಿಗೆ ಹೋದರೆ ಲೈನ್ ಕರೆಂಟು ಇದೆ, ಆ ಯಂತ್ರಗಳು ಓಡುತ್ತಿಲ್ಲ. ಹಾಗಾದರೆ ಸೋತಂತೆಯೇ ಎಂದು ನಮ್ಮ ಮಗಳು ಒಮ್ಮೆ ಕೇಳಿದಳು. ಹತ್ತು ವರ್ಷ ಒಂದು ಊರಿಗೆ ನೀರು ಕುಡಿಸಿದ ಎಂಜಿನ್ನನ್ನು ಸೋತಿತು ಅನ್ನಲು ನನಗೆ ಬಾಯಿ ಬರಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ.

2000ದ ಆಸುಪಾಸಿನಿಂದ ಜೈವಿಕ ಡೀಸೆಲ್ ಎಂಬ ಗಾಳಿ ದೇಶದಲ್ಲೆಲ್ಲ ಬೀಸಿತು. ಮೊದಲು ಬಂದದ್ದು ಜಟ್ರೋಫಾ, ನಮ್ಮ ಕಾಡುಹರಳು. ಬರಡು ನೆಲದಲ್ಲಿ ಬಂಗಾರ ಬೆಳೆಯುತ್ತೆ ಅಂದರು. ಬರಡು ನೆಲದಲ್ಲಿ ಗಿಡ ಬದುಕಿತು ನಿಜ, ಕಾಯಿ ಬಿಡಲಿಲ್ಲ. ಕಾಯಿ ಬಿಡಬೇಕಾದರೆ ನೀರು, ಗೊಬ್ಬರ ಬೇಕು ಅನ್ನುವುದು ನೆಟ್ಟವರಿಗೆ ಆಮೇಲೆ ಗೊತ್ತಾಯಿತು. ನಮ್ಮ ರಾಜ್ಯದಲ್ಲಿ ಸ್ವಲ್ಪ ಬೇರೆ ದಾರಿ ಹಿಡಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಹಾಸನದ ಹತ್ತಿರ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಮಾಡಿತು. ಒಂದೇ ಗಿಡವನ್ನು ಎಕರೆಗಟ್ಟಲೆ ನೆಡುವ ಬದಲು ಹೊಂಗೆ, ಬೇವು, ಹಿಪ್ಪೆ, ಸಿಮರೂಬಾ, ಹೀಗೆ ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ, ಬೆಳೆಗೆ ಅಡ್ಡ ಬರದ ಹಾಗೆ ನೆಡಿ ಅನ್ನುವುದು ಅವರ ವಿಚಾರ. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿಯನ್ನೇ ತಂದಿತು, ಅದಕ್ಕೊಂದು ಮಂಡಳಿ ಆಯಿತು, 'ಬರಡು ಬಂಗಾರ', 'ಹಸಿರು ಹೊನ್ನು' ಎಂಬ ಕಾರ್ಯಕ್ರಮಗಳು ಬಂದವು. ಹೆಸರು ಇಡುವುದರಲ್ಲಿ ನಾವು ಯಾವತ್ತೂ ಬಡವರಲ್ಲ.

ಆ ಗಾಳಿಯಲ್ಲಿ ನನಗೂ ಒಂದು ಕೆಲಸ ಸಿಕ್ಕಿತು. ಗುತ್ತಿಗೆ ನೌಕರಿ, ಕ್ಷೇತ್ರ ಸಹಾಯಕ. ಯಾವ ಸಂಸ್ಥೆ ಎಂದು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಊರೂರಿಗೆ ಹೋಗಿ ಸಭೆ ಮಾಡುವುದು, ಹೊಂಗೆಬೀಜ, ಬೇವಿನಬೀಜ ಆರಿಸಿ ಇಡಿ, ನಾವೇ ಬಂದು ಕೊಳ್ಳುತ್ತೇವೆ ಎಂದು ಹೇಳುವುದು ನನ್ನ ಕೆಲಸ. ಉತ್ಸಾಹ ಇತ್ತು. ನಮ್ಮ ಊರಿಗೂ ಬಂದೆ. ಪಂಚಾಯಿತಿ ಕಟ್ಟೆಯ ಮುಂದೆ ಬೋರ್ಡಿನ ಮೇಲೆ ಕೆಜಿಗೆ ಇಷ್ಟು ಎಂದು ನನ್ನ ಕೈಯಾರೆ ಸುಣ್ಣದಲ್ಲಿ ಬರೆದೆ.

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಗಂಡ ಇಲ್ಲ, ಮಗ ಬೆಂಗಳೂರಿನಲ್ಲಿ ಗಾರೆ ಕೆಲಸ. ಮೊಮ್ಮಗಳು ಇದೇ ಶಾಲೆಗೆ ಬರುತ್ತಿದ್ದಳು. ಆ ಬೇಸಿಗೆ ಅಜ್ಜಿ ಹಳ್ಳದ ದಂಡೆ, ರಸ್ತೆ ಬದಿ, ಈ ಶಾಲೆಯ ಅಂಗಳ ಎಲ್ಲ ಸುತ್ತಿ ಹೊಂಗೆಕಾಯಿ ಆರಿಸಿದಳು. ಆರಿಸಿದರೆ ಮುಗಿಯಲಿಲ್ಲ. ಕಾಯಿಯ ತೂಕದಲ್ಲಿ ಅರ್ಧದಷ್ಟು ಸಿಪ್ಪೆ. ಒಣಗಿಸಬೇಕು, ಕಲ್ಲಿನ ಮೇಲೆ ಬಡಿದು ಒಡೆಯಬೇಕು, ಮೊರದಲ್ಲಿ ಕೇರಬೇಕು. ಮೂರು ಚೀಲ ಬೀಜ ಮಾಡಿದಳು. ಹೊಲಿದು, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಳು.

ಗಾಡಿ ಬರಲಿಲ್ಲ. ಈ ವಾರ ಬರುತ್ತೆ, ಬರುವ ವಾರ ಬರುತ್ತೆ ಎಂದು ನಾನು ಫೋನಿನಲ್ಲಿ ಹೇಳುತ್ತಾ ಹೋದೆ. ಮೇಲಿನವರು ನನಗೆ ಹೇಳಿದ್ದನ್ನೇ ನಾನು ಕೆಳಗೆ ಹೇಳುತ್ತಿದ್ದೆ. ಮಳೆಗಾಲ ಬಂತು. ಬೀಜಕ್ಕೆ ಥಂಡಿ ಹಿಡಿದು ಬೂಷ್ಟು ಬಂತು, ಹುಳ ಬಿತ್ತು. ಅಜ್ಜಿ ಇದ್ದುದರಲ್ಲಿ ಒಂದು ಚೀಲ ಬಸ್ಸಿಗೆ ಹಾಕಿಕೊಂಡು ಸಂತೆಗೆ ಹೋದಳಂತೆ, ಬಸ್ ಚಾರ್ಜೂ ಹುಟ್ಟಲಿಲ್ಲ. ಊರಿಗೆ ಬಂದಾಗ ಮುಖ ತಪ್ಪಿಸಿಕೊಂಡು ಹೋಗೋಣ ಎಂದುಕೊಂಡೆ. ಓಣಿಯಲ್ಲಿ ಎಷ್ಟು ಅಂತ ತಪ್ಪಿಸಿಕೊಳ್ಳಲಾದೀತು? ಅಜ್ಜಿ ಬೈಯಲಿಲ್ಲ. 'ತಮ್ಮಾ, ಬೋರ್ಡು ಬರೆದದ್ದು ನೀನೇ ಅಲ್ಲೇನು?' ಎಂದು ಕೇಳಿದಳು. ನಾನೇ ಅಜ್ಜಿ ಅಂದೆ. 'ಹಂಗಾರ ಅಳಿಸಿ ಹೋಗಪ್ಪ, ಬಾಕಿ ಮಂದಿ ನೋಡ್ಯಾರು' ಅಂದಳು.

ಅಳಿಸಿದೆ. ಆ ಕೆಲಸವನ್ನೂ ಸ್ವಲ್ಪ ದಿನಕ್ಕೆ ಬಿಟ್ಟೆ. ಆ ಮೂರು ಚೀಲದ ದುಡ್ಡು ಕೊಡಲು ಹೋದರೆ ಅಜ್ಜಿ ತೆಗೆದುಕೊಳ್ಳಲಿಲ್ಲ. 'ಬೀಜ ನೀನು ಒಯ್ದಿಲ್ಲ, ದುಡ್ಡು ನಾನ್ಯಾಕೆ ತಗೊಳ್ಳಲಿ?' ಅಂದಳು.

ತಪ್ಪು ಎಲ್ಲಾಯಿತು ಎಂದು ಆಮೇಲೆ ವರ್ಷಗಟ್ಟಲೆ ಯೋಚಿಸಿದ್ದೇನೆ. ಗಾಡಿ ಬರಲಿಲ್ಲ ಅನ್ನುವುದು ಕಣ್ಣಿಗೆ ಕಾಣುವ ತಪ್ಪು. ಆದರೆ ಗಾಡಿ ಬಂದಿದ್ದರೂ ಲೆಕ್ಕ ಕೂಡುತ್ತಿತ್ತೇ? 2025ರ ದರದಲ್ಲಿ ನಿಮ್ಮ ಮುಂದೆಯೇ ಮಾಡಿ ತೋರಿಸುತ್ತೇನೆ. ನಮ್ಮ ಊರಿನ ಗಾಣದಂಥ ಸಣ್ಣ ಯಂತ್ರದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕೆಜಿ ಹೊಂಗೆಬೀಜ ಬೇಕು. ಆರಿಸಿ, ಒಡೆದು, ಕೇರಿ ಎಂಟು ಕೆಜಿ ಬೀಜ ಮಾಡಲು ಆ ಅಜ್ಜಿಗೆ ಒಂದು ಪೂರ್ತಿ ದಿನ. ಎಂಟು ಕೆಜಿಯೆಂದರೆ ಎರಡು ಲೀಟರ್ ಎಣ್ಣೆ. ಡೀಸೆಲ್ ಬೆಲೆ ಆಗ ಲೀಟರಿಗೆ 90 ರೂಪಾಯಿ ಆಸುಪಾಸು ಇತ್ತು. ಎಣ್ಣೆಯನ್ನು ಡೀಸೆಲ್ ಬೆಲೆಗೇ ಮಾರಿದರೂ 180 ರೂಪಾಯಿ. ಉದ್ಯೋಗ ಖಾತ್ರಿಯ ದಿನಗೂಲಿ 2025-26ರಲ್ಲಿ 370 ರೂಪಾಯಿ ಇತ್ತು. ಹಿಂಡಿಯ ಬೆಲೆ ಸೇರಿಸಿ, ಗಾಣದ ಖರ್ಚು, ಗಾಡಿ ಬಾಡಿಗೆ ಕಳೆದರೆ ಅಜ್ಜಿಯ ಕೈಗೆ ಏನು ಬಂತು? ಈ ಲೆಕ್ಕಕ್ಕೆ ವಿಜ್ಞಾನಿ ಬೇಕಾಗಿಲ್ಲ, ಏಳನೇ ತರಗತಿ ಸಾಕು. ಸಭೆಯಲ್ಲಿ ಈ ಲೆಕ್ಕವನ್ನು ನಾನು ಹಾಕಲಿಲ್ಲ. ನನಗೆ ಯಾರೂ ಹಾಕಿ ತೋರಿಸಿರಲಿಲ್ಲ. ನಾನಾಗಿ ಕೇಳಲೂ ಇಲ್ಲ.

ಹಾಗಂತ ಹೊಂಗೆ ದಂಡ ಎಂದು ಹೇಳುತ್ತಿಲ್ಲ. ಡೀಸೆಲ್ ಎಂದು ತೂಗಿದರೆ ಹಗುರ, ಬೇರೆ ತಕ್ಕಡಿಯಲ್ಲಿ ಇಟ್ಟರೆ ತೂಕ ಇದೆ. ಹೊಂಗೆ ಹಿಂಡಿಯಲ್ಲಿ ಶೇಕಡಾ 4ರ ಹತ್ತಿರ ಸಾರಜನಕ ಇರುತ್ತದೆ, ಜೊತೆಗೆ ಕಹಿ ಇರುವುದರಿಂದ ಮಣ್ಣಿನ ಕೆಲವು ಕೀಟಗಳನ್ನೂ ದೂರ ಇಡುತ್ತದೆ. ಅಂಗಡಿಯಿಂದ ದುಡ್ಡು ಕೊಟ್ಟು ತರುವ ಗೊಬ್ಬರದ ಒಂದು ಪಾಲನ್ನು ಅದು ಉಳಿಸಿದರೆ ಆ ಉಳಿತಾಯ ಎಣ್ಣೆಯ ಬೆಲೆಗಿಂತ ದೊಡ್ಡದಾಗಬಹುದು. ಹಳ್ಳದಲ್ಲಿ ಒಂದೊಂದೇ ಆರಿಸುವುದಕ್ಕೂ, ಶಾಲೆಯಂಥ ಗುಡಿಸಿದ ಅಂಗಳದಲ್ಲಿ ತಾಡಪಾಲು ಹಾಸಿ ಒಟ್ಟು ಮಾಡುವುದಕ್ಕೂ ವ್ಯತ್ಯಾಸ ಇದೆ. ಒಡೆಯಲು ಕಲ್ಲಿನ ಬದಲು ಒಂದು ಸಿಪ್ಪೆ ಸುಲಿಯುವ ಯಂತ್ರ ಇದ್ದರೆ ಇನ್ನೂ ವ್ಯತ್ಯಾಸ. ಇದನ್ನು ನಮ್ಮ ಊರಿನಲ್ಲಿ ಯಾರೂ ಅಳೆದಿಲ್ಲ.

ಇತ್ತೀಚೆಗೆ ಯುರೋಪಿನ ಒಂದು ಯೋಜನೆಯ ವರದಿಗಳನ್ನು ಓದಿದೆ. 'ಬಿ-ರೂರಲ್' ಎಂದು ಹೆಸರು, 2019ರಿಂದ 2022ರವರೆಗೆ ಐರೋಪ್ಯ ಒಕ್ಕೂಟದ ಹಣದಲ್ಲಿ ನಡೆದದ್ದು. ನಾನು ಆ ದೇಶಗಳನ್ನು ಕಂಡವನಲ್ಲ, ಓದಿದ್ದನ್ನು ಹೇಳುತ್ತಿದ್ದೇನೆ. ಬಲ್ಗೇರಿಯಾ, ರೊಮೇನಿಯಾ, ಲಾಟ್ವಿಯಾ, ಪೋಲೆಂಡ್, ಉತ್ತರ ಮ್ಯಾಸಿಡೋನಿಯಾ, ಈ ಐದು ದೇಶಗಳ ಹಳ್ಳಿಗಾಡಿನ ಪ್ರದೇಶಗಳನ್ನು ಆರಿಸಿಕೊಂಡಿದ್ದರು. ಯುರೋಪು ಎಂದರೆ ಎಲ್ಲ ಶ್ರೀಮಂತರು ಎಂದುಕೊಳ್ಳಬೇಡಿ. ಅಲ್ಲಿನ ಹಳ್ಳಿಗಳಿಂದಲೂ ಹುಡುಗರು ಕೆಲಸ ಹುಡುಕಿಕೊಂಡು ದೂರ ಹೋಗುತ್ತಾರೆ, ನಮ್ಮ ಹರಪನಹಳ್ಳಿ, ಕೂಡ್ಲಿಗಿಯವರು ಬೆಂಗಳೂರಿನ ಬಸ್ಸು ಹತ್ತುವ ಹಾಗೆ.

ಆ ಯೋಜನೆಯಲ್ಲಿ ನನ್ನ ಕಣ್ಣು ಸೆಳೆದದ್ದು ಯಂತ್ರವಲ್ಲ. ಪ್ರತಿ ಪ್ರದೇಶದಲ್ಲೂ ರೈತರು, ವ್ಯಾಪಾರಿಗಳು, ಸ್ಥಳೀಯ ಆಡಳಿತದವರು, ಪಾಠ ಹೇಳುವವರು ಒಂದೇ ಮೇಜಿನ ಸುತ್ತ ಕೂತರು. ನಮ್ಮಲ್ಲಿ ಏನಿದೆ, ಅದರಲ್ಲಿ ಯಾವುದು ವ್ಯರ್ಥವಾಗುತ್ತಿದೆ, ಕೊಳ್ಳುವವರು ಯಾರು ಎಂದು ಚರ್ಚಿಸಿ ತಮ್ಮ ಪ್ರದೇಶದ ಮುಂದಿನ ದಾರಿಯನ್ನು ಬರೆದುಕೊಂಡರು. ಉತ್ತರ ಮ್ಯಾಸಿಡೋನಿಯಾದವರ ಮುಂದಿದ್ದದ್ದು ಹೊಲದಲ್ಲಿ ಉಳಿಯುವ ಬೆಳೆಕಸ. ಬಲ್ಗೇರಿಯಾದ ಸ್ಟಾರಾ ಜಗೋರಾ ಎಂಬಲ್ಲಿಯವರದು ಸುಗಂಧ ತೈಲ. ಅದು ಗುಲಾಬಿ ಸೀಮೆ. ಒಂದು ಕೆಜಿ ಗುಲಾಬಿ ಎಣ್ಣೆಗೆ ಮೂರು ಸಾವಿರ ಕೆಜಿಗೂ ಹೆಚ್ಚು ಹೂವು ಬೇಕು. ಎಣ್ಣೆ ತೆಗೆದ ಮೇಲೆ ಅಷ್ಟು ಹೂವಿನ ಗಸಿ ಉಳಿಯುತ್ತದಲ್ಲ, ಅದೂ ಒಂದು ಪ್ರಶ್ನೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಹಡಗಲಿ ಮಲ್ಲಿಗೆ. ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಪಡೆದ ಹೂವು. ಬೆಳಗಿನ ಜಾವ ಬಿಡಿಸಿದ್ದು ಅವತ್ತೇ ಮಾರಾಟವಾಗಬೇಕು. ಮದುವೆ, ಹಬ್ಬ ಇದ್ದರೆ ಬೆಲೆ ಆಕಾಶಕ್ಕೆ, ಇಲ್ಲದ ದಿನ ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ. ಅಲ್ಲೊಂದು ಸುಗಂಧ ದ್ರವ್ಯದ ಘಟಕ ಆಗಬೇಕು ಎಂಬ ಮಾತನ್ನು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದೇನೆ. ಆದರೆ ಗುಲಾಬಿಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದ ಹಾಗೆ ಮಲ್ಲಿಗೆಯನ್ನು ಇಳಿಸಲಾಗದು, ಬಿಸಿಗೆ ಅದರ ಪರಿಮಳ ಕೆಡುತ್ತದೆ. ದ್ರಾವಕ ಬಳಸಿ ತೆಗೆಯಬೇಕು, ಅದು ದುಬಾರಿ, ಬೆಂಕಿಯ ಅಪಾಯವೂ ಇದೆ. ಹಬ್ಬದ ದಿನದ ಬೆಲೆಗೆ ಯಾವ ಘಟಕವೂ ಹೂವು ಕೊಳ್ಳಲಾರದು, ಬೆಲೆ ಬಿದ್ದ ದಿನಗಳ ಹೂವನ್ನು ಮಾತ್ರ ನಂಬಿ ಘಟಕ ನಡೆಯಲಾರದು. ಇದನ್ನು ಬಿಡಿಸಬೇಕಾದರೆ ಬೆಳೆಗಾರರೂ, ವಿಶ್ವವಿದ್ಯಾಲಯದವರೂ, ಕೊಳ್ಳುವವರೂ ಒಂದೇ ಕಟ್ಟೆಯ ಮೇಲೆ ಕೂರಬೇಕು.

ಈಗ ಮೆಕ್ಕೆಜೋಳ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಎಲ್ಲಿ ನೋಡಿದರೂ ಅದೇ. ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸುವ ಗುರಿಯನ್ನು 2030ರಿಂದ 2025ಕ್ಕೆ ಹಿಂದಕ್ಕೆ ತಂದಾಗ, ಒಂದು ಕ್ವಿಂಟಲ್ ಮೆಕ್ಕೆಜೋಳದಿಂದ 38 ಲೀಟರ್‌ನಷ್ಟು ಎಥೆನಾಲ್ ಬರುತ್ತೆ, ಇನ್ನು ಬೆಲೆ ಇಳಿಯುವುದೇ ಇಲ್ಲ ಎಂದು ಮಾತಾಡಿಕೊಂಡೆವು. 2025ರ ನವೆಂಬರ್‌ನಲ್ಲಿ ಏನಾಯಿತು? ಬೆಂಬಲ ಬೆಲೆ 2,400 ರೂಪಾಯಿ, ಮಾರುಕಟ್ಟೆಯಲ್ಲಿ 1,600ರಿಂದ 1,800. ರೈತರು ರಸ್ತೆಗೆ ಬಂದರು. ಪೆಟ್ರೋಲಿನ ಜೊತೆ ನಮ್ಮ ಬೆಳೆ ಸೇರಿತು, ಪೆಟ್ರೋಲಿನ ಬೆಲೆಯ ಗಟ್ಟಿತನ ನಮ್ಮ ಬೆಳೆಗೆ ಬರಲಿಲ್ಲ.

ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡನ್ನೂ ಸೊಪ್ಪೆಯನ್ನೂ ಕೊಳ್ಳುತ್ತೇವೆ ಎಂದು ಮುಂದೆ ಯಾರಾದರೂ ಬಂದೇ ಬರುತ್ತಾರೆ. ಬೀರಬ್ಬಿ, ದುಗ್ಗಾವತಿಯ ಸಕ್ಕರೆ ಕಾರ್ಖಾನೆಗಳ ಕಡೆ ಹೋದವರಿಗೆ ಕಬ್ಬಿನ ಸಿಪ್ಪೆಗೂ ಬೆಲೆ ಇದೆ ಎಂದು ಗೊತ್ತು. ಬೆಂಡು ಕೊಡಿ, ಅಡ್ಡಿಯಿಲ್ಲ. ಸೊಪ್ಪೆ ಕೊಡುವ ಮುಂಚೆ ಒಂದು ಸಲ ನಿಲ್ಲಿ. ನಮ್ಮದು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಸೀಮೆ, ಕೆಂಪು ಮಸಾರಿ. ಇಂಥ ಮಣ್ಣಿನಲ್ಲಿ ಸಾವಯವ ಇಂಗಾಲ ಶೇಕಡಾ ಅರ್ಧದಷ್ಟೂ ಇರುವುದು ಅಪರೂಪ. ಸೊಪ್ಪೆಯಲ್ಲಿ ಒಂದು ಪಾಲು ದನಕ್ಕೆ, ಒಂದು ಪಾಲು ಮಣ್ಣಿಗೆ ಹೋಗಲೇಬೇಕು. ಸುಡುವುದಂತೂ ಬೇಡ, ಆದರೆ ಪೂರ್ತಿ ಮಾರುವುದೂ ಸುಟ್ಟ ಹಾಗೆಯೇ. ಇದರಲ್ಲಿ ನನ್ನ ಜೊತೆ ಜಗಳ ಆಡುವವರು ಇಲ್ಲಿಯೇ ಇದ್ದಾರೆ. ಮುಂದಿನ ಸಾಲಿನಲ್ಲಿ ನನ್ನ ಮಾವ ನಗುತ್ತಿದ್ದಾರೆ, ಅವರಿಗೆ ಸೊಪ್ಪೆ ಸಾಗಿಸಲು ಟ್ರ್ಯಾಕ್ಟರ್ ಇದೆ.

ಕೂಡ್ಲಿಗಿಯ ಹುಣಸೆಯನ್ನು ಮರೆಯುವ ಹಾಗಿಲ್ಲ. ಹಣ್ಣು ವ್ಯಾಪಾರಕ್ಕೆ ಹೋಗುತ್ತದೆ. ಬೀಜ? ಆ ಬೀಜದ ಪುಡಿ ನೂಲಿಗೆ ಗಂಜಿ ಹಾಕಲು ಬಟ್ಟೆ ಗಿರಣಿಗಳಿಗೆ, ಸೆಣಬಿನ ಗಿರಣಿಗಳಿಗೆ ಬೇಕು. ನಮ್ಮ ಹೆಂಗಸರು ಕೂತು ಜಜ್ಜಿ ಬಿಡಿಸಿದ ಬೀಜ ಎಲ್ಲೋ ಪುಡಿಯಾಗುತ್ತದೆ. ಪುಡಿ ಮಾಡುವ ಕೆಲಸ ಇಲ್ಲೇ ಆದರೆ ಕೂಲಿ ಇಲ್ಲೇ ಉಳಿಯುತ್ತದೆಯೇ, ಲೆಕ್ಕ ಕೂಡುತ್ತದೆಯೇ? ಇದೂ ಅಳೆಯಬೇಕಾದ ಕೆಲಸ.

ಅಳೆಯುವವರು ಯಾರು? ನಮ್ಮ ತಾಲ್ಲೂಕುಗಳ ಕಥೆ ನಿಮಗೆ ಗೊತ್ತು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ ಮತ್ತೆ ಬಂತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಈಗ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಪ್ರತಿ ಸಲ ಕಚೇರಿ ಬದಲಾದಾಗ ಕಡತ ಒಂದು ಕಡೆ, ಸಾಹೇಬರು ಒಂದು ಕಡೆ. ಜಾಗ ಬದಲಾಗದೆ ಐವತ್ತು ವರ್ಷ ಒಂದೇ ಕಡೆ ನಿಂತದ್ದು ಈ ಶಾಲೆ. ಐವತ್ತು ವರ್ಷದ ಹಾಜರಿ ಪುಸ್ತಕಗಳು ಇಲ್ಲಿನ ಕಪಾಟಿನಲ್ಲಿ ಇವೆ, ನಿನ್ನೆ ನನ್ನ ಹೆಸರನ್ನು ಹುಡುಕಿ ನೋಡಿದೆ. ಎಷ್ಟು ಗೈರುಹಾಜರಿ ಎಂದು ಮಕ್ಕಳ ಮುಂದೆ ಹೇಳುವುದಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಒಂದು ದಪ್ಪ ಲೆಡ್ಜರ್ ಪುಸ್ತಕ, ಒಂದು ತೂಗುಯಂತ್ರ, ನಾಲ್ಕು ತಾಡಪಾಲು ತಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಇಟ್ಟಿದ್ದೇನೆ. ಮೂರು ವರ್ಷ ಕಾಂಪೌಂಡಿನ ಪ್ರತಿ ಮರದ ಕಾಯಿಯನ್ನು ತೂಗಿ ಬರೆಯೋಣ. ಕಾಯಿ ಎಷ್ಟು, ಬೀಜ ಎಷ್ಟು, ಆರಿಸಲು ಎಷ್ಟು ಗಂಟೆ, ಒಡೆಯಲು ಎಷ್ಟು ಗಂಟೆ, ಗಾಣದವನು ತೆಗೆದುಕೊಂಡದ್ದು ಎಷ್ಟು, ಹಿಂಡಿ ಯಾರ ಹೊಲಕ್ಕೆ ಹೋಯಿತು, ಆ ಹೊಲದಲ್ಲಿ ಏನಾಯಿತು. ಗಂಟೆಯ ಲೆಕ್ಕವನ್ನು ಬಿಡಬೇಡಿ. ನನ್ನ ಕಾಲದಲ್ಲಿ ಬಿಟ್ಟುಹೋದದ್ದು ಅದೇ ಕಾಲಂ. ಆರಿಸಿದವರಿಗೆ ಕೂಲಿ ಅವತ್ತಿನ ಸಂಜೆಯೇ ಕೊಡಬೇಕು. ಅದಕ್ಕೆ ನಮ್ಮ ಬ್ಯಾಚಿನವರು ಸೇರಿ ಹಣ ಎತ್ತಿದ್ದೇವೆ. ಬೀಜ ಮಾರಾಟವಾಗಲಿ, ಆಗದಿರಲಿ, ಕೂಲಿ ನಿಲ್ಲುವುದಿಲ್ಲ. ಗಾಡಿ ಬರುತ್ತದೆ ಎಂದು ಈ ಸಲ ನಾನು ಹೇಳುತ್ತಿಲ್ಲ.

ಮೂರು ವರ್ಷದ ಮೇಲೆ ಲೆಕ್ಕ ಕೂಡದೆ ಹೋದರೆ, ಕೂಡಲಿಲ್ಲ ಎಂದು ಅದೇ ಪುಸ್ತಕದಲ್ಲಿ ಬರೆದು ಸಹಿ ಮಾಡೋಣ. ಕೂಡಿದರೆ ಆ ಪುಸ್ತಕ ಹಿಡಿದುಕೊಂಡು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೋ, ಬೆಂಗಳೂರಿಗೋ ಹೋಗಿ, ನಮ್ಮ ಊರಿನ ಅಂಕಿ ಇದು, ನಿಮ್ಮ ಯಂತ್ರ ಇದಕ್ಕೆ ಹೊಂದುತ್ತದೆಯೇ ಎಂದು ಕೇಳೋಣ. ಅವರು ನಮ್ಮನ್ನು ಹುಡುಕಿಕೊಂಡು ಬರುವ ಮುಂಚೆ ನಾವು ಪ್ರಶ್ನೆ ಬರೆದು ಇಟ್ಟಿರೋಣ.

ಅಜ್ಜಿ ಈಗ ಇಲ್ಲ. ಮೊಮ್ಮಗಳು ಇದ್ದಾಳೆ, ಬಿ.ಎಡ್. ಮುಗಿಸಿ ಹೊಸಪೇಟೆಯ ಕಡೆ ಟೀಚರ್ ಆಗಿದ್ದಾಳೆ, ಇವತ್ತು ಬಂದಿದ್ದಾಳೆ. ಲೆಡ್ಜರಿನ ಮೊದಲ ಪುಟದಲ್ಲಿ ಕಾಲಂಗಳನ್ನು ಗೆರೆ ಹಾಕಿ ಕೊಟ್ಟವಳು ಅವಳೇ. ನಾನು ಆರು ಕಾಲಂ ಹೇಳಿದ್ದೆ, ಅವಳು ಏಳು ಹಾಕಿದಳು. ಏಳನೆಯದಕ್ಕೆ 'ಹೇಳಿದ್ದ ದರ' ಎಂದೂ, ಅದರ ಪಕ್ಕ ಒತ್ತಾಗಿ 'ಕೊಟ್ಟ ದರ' ಎಂದೂ ಬರೆದಿದ್ದಾಳೆ.

ಶಾಲೆ ಜೂನ್‌ನಲ್ಲಿ ಶುರುವಾಗುವ ಹೊತ್ತಿಗೆ ಕಾಯಿ ಉದುರಿ ಮುಗಿದಿರುತ್ತದೆ. ಹಾಗಾಗಿ ತೂಕದ ಕೆಲಸ ಬೇಸಿಗೆ ರಜೆಯಲ್ಲೇ ಆಗಬೇಕು, ಏಪ್ರಿಲ್ ಎರಡನೇ ವಾರದಿಂದ. ಹೆಸರು ಕೊಡುವವರು ಊಟ ಮುಗಿಸಿ ಗೇಟಿನಿಂದ ಮೂರನೇ ಮರದ ಹತ್ತಿರ ಬನ್ನಿ. ನಾನು ಅಲ್ಲೇ ಇರುತ್ತೇನೆ.